ಅರ್ಧ ಮುಳುಗಿ ನಿಲ್ಲುವ ಹಡಗುಗಳು

ಒಂದು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅಚ್ಚಾದ ಚಿತ್ರವನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ಅದೇನೆಂದು ವಿಚಾರಿಸಿದವರು ಕಡಿಮೆ. ಸುತ್ತಲೂ ಕಡಲು, ನಡುವೆ ಉಕ್ಕಿನ ಕಾಲುಗಳ ಮೇಲೆ ನಿಂತ ಒಂದು ಅಟ್ಟ. ಅದೇ ‘ಸಾಗರ್ ಸಮ್ರಾಟ್’. 1973ರಲ್ಲಿ ಜಪಾನಿನ ಹಿರೋಶಿಮಾದಲ್ಲಿ ಮಿತ್ಸುಬಿಷಿಯವರು ಕಟ್ಟಿಕೊಟ್ಟ ಈ ರಿಗ್ಗು, 1974ರಲ್ಲಿ ಮುಂಬಯಿಯಿಂದ ಸುಮಾರು 160 ಕಿಲೋಮೀಟರು ಪಶ್ಚಿಮಕ್ಕೆ, ಬಾಂಬೆ ಹೈ ಎಂದು ಹೆಸರಾದ ಜಾಗದಲ್ಲಿ ಸಮುದ್ರದಡಿಯ ಎಣ್ಣೆಯನ್ನು ಮುಟ್ಟಿತು. ಅಂದಿನಿಂದ ಈ ಊರಿನ ಬಾಳಿಗೆ ಕಡಲಿನ ಕೆಲಸವೂ ಸೇರಿಕೊಂಡಿತು. ಹದಿನಾಲ್ಕು ದಿನ ಸಮುದ್ರದಲ್ಲಿ, ಹದಿನಾಲ್ಕು ದಿನ ಮನೆಯಲ್ಲಿ ಎಂಬ ಲೆಕ್ಕದಲ್ಲಿ ಜುಹೂವಿನಿಂದ ಹೆಲಿಕಾಪ್ಟರ್ ಹತ್ತಿ ಹೋಗಿಬರುವವರು ನಮ್ಮ ಕನ್ನಡಿಗರ ಮನೆಗಳಲ್ಲೂ ಇದ್ದಾರೆ.

ಬಾಂಬೆ ಹೈಯಲ್ಲಿ ನೀರಿನ ಆಳ ಸುಮಾರು 75 ಮೀಟರು. ಅಲ್ಲಿ ಕಾಲೂರಿ ನಿಲ್ಲಬಹುದು. ಆದರೆ ಇನ್ನೂರು, ಮುನ್ನೂರು, ಸಾವಿರ ಮೀಟರು ಆಳದಲ್ಲಿ ಅಷ್ಟು ಉದ್ದದ ಕಾಲು ಕಟ್ಟುವುದು ಆಗದ ಮಾತು. ಅಲ್ಲಿ ತೇಲಿಕೊಂಡೇ ಕೆಲಸ ಮಾಡಬೇಕು. ಆದರೆ ಅಲೆಯೊಡನೆ ಕುಣಿಯುವ ಹಡಗಿನಿಂದ ಕೊಳವೆಯನ್ನು ನೆಟ್ಟಗೆ ಸಮುದ್ರದ ತಳಕ್ಕೆ ಇಳಿಸುವುದು ಕಷ್ಟ. ತೇಲಬೇಕು, ಆದರೆ ಓಲಾಡಬಾರದು. ಈ ಎರಡು ಬೇಡಿಕೆಗಳನ್ನೂ ಒಟ್ಟಿಗೆ ಪೂರೈಸಲು ಹೊರಟಾಗ ಹುಟ್ಟಿದ್ದೇ ಅರ್ಧ ಮುಳುಗಿ ನಿಲ್ಲುವ ಹಡಗು. ಅದರ ಚರಿತ್ರೆಯಲ್ಲಿ ಜಾಣತನವೂ ಇದೆ, ನೂರಾರು ಜೀವಗಳು ತೆತ್ತ ಬೆಲೆಯೂ ಇದೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ಹೇಳಲು ಯತ್ನಿಸುತ್ತೇವೆ.

ನೆಲ ಬಿಟ್ಟು ತೇಲಿದ ರಿಗ್ಗು

ಅಮೆರಿಕದ ದಕ್ಷಿಣಕ್ಕಿರುವ ಮೆಕ್ಸಿಕೋ ಕೊಲ್ಲಿಯಲ್ಲಿ ಈ ಕಥೆಯ ಆರಂಭ. ಅಲ್ಲಿ ದಡದ ಬಳಿಯ ಜೌಗಿನಲ್ಲಿ ಎಣ್ಣೆ ತೆಗೆಯುತ್ತಿದ್ದವರು ಮೆಲ್ಲಮೆಲ್ಲನೆ ಸಮುದ್ರಕ್ಕಿಳಿದರು. 1954ರಲ್ಲಿ ‘ಮಿಸ್ಟರ್ ಚಾರ್ಲಿ’ ಎಂಬ ರಿಗ್ಗು ಬಂತು. ಇದನ್ನು ತೇಲಿಸಿಕೊಂಡು ಬಂದು, ಹೊಟ್ಟೆಯೊಳಗೆ ನೀರು ತುಂಬಿಸಿ, ಸಮುದ್ರದ ನೆಲದ ಮೇಲೆ ಕೂರಿಸುತ್ತಿದ್ದರು. ಕೆಲಸ ಮುಗಿದ ಮೇಲೆ ನೀರನ್ನು ಹೊರಹಾಕಿದರೆ ಮತ್ತೆ ತೇಲುತ್ತಿತ್ತು. ಆದರೆ ಅದಕ್ಕೆ ನಿಲುಕುತ್ತಿದ್ದ ಆಳ 40 ಅಡಿ ಮಾತ್ರ.

ಇದೇ ಜಾತಿಯ ಇನ್ನೊಂದು ರಿಗ್ಗು ‘ಬ್ಲೂ ವಾಟರ್ ನಂಬರ್ 1’. ನಾಲ್ಕು ಮೂಲೆಗೆ ನಾಲ್ಕು ದಪ್ಪ ಕಂಬ, ಕೆಳಗೆ ಪಾಂಟೂನ್ ಎಂಬ ಪೊಳ್ಳು ಪೆಟ್ಟಿಗೆಗಳು, ಮೇಲೆ ಅಟ್ಟ. ಇದನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಎಳೆದೊಯ್ಯುವಾಗ ಪೂರ್ತಿ ತೇಲಿಸಲು ಪಾಂಟೂನುಗಳ ಶಕ್ತಿ ಸಾಲುತ್ತಿರಲಿಲ್ಲ; ಕಂಬಗಳ ಅರ್ಧದವರೆಗೆ ನೀರಿನಲ್ಲಿ ಮುಳುಗಿಸಿಯೇ ಎಳೆಯುತ್ತಿದ್ದರು. ಹಾಗೆ ಅರ್ಧ ಮುಳುಗಿ ಸಾಗುವಾಗ ಅದು ಅಲೆಗಳ ನಡುವೆಯೂ ಬಹಳ ಕಡಿಮೆ ಓಲಾಡುತ್ತಿದ್ದುದು ಜೊತೆಗಿದ್ದವರ ಗಮನಕ್ಕೆ ಬಂತು. ಹಾಗಾದರೆ ಇದನ್ನು ನೆಲಕ್ಕೆ ಕೂರಿಸುವುದೇಕೆ? ಹೀಗೆಯೇ ಲಂಗರು ಹಾಕಿ ನಿಲ್ಲಿಸಿ ಕೊರೆಯಬಾರದೇಕೆ? ಶೆಲ್ ಕಂಪನಿಯ ಎಂಜಿನಿಯರ್ ಬ್ರೂಸ್ ಕಾಲಿಪ್ ಮತ್ತು ಅವರ ಸಂಗಡಿಗರು 1960ರ ದಶಕದ ಆರಂಭದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಮಾಡಿ ತೋರಿಸಿದರು. 1963ರಲ್ಲಿ ಶೆಲ್ ಈ ವಿದ್ಯೆಯನ್ನು ಇತರ ಕಂಪನಿಗಳಿಗೂ ಶುಲ್ಕ ಪಡೆದು ಕಲಿಸಿತು. ತೇಲುವುದಕ್ಕೆಂದೇ ರೂಪಿಸಿದ ‘ಓಷನ್ ಡ್ರಿಲ್ಲರ್’ ಅದೇ ವರ್ಷ ನೀರಿಗಿಳಿಯಿತು.

ಮುಂದೆ ನಡೆದದ್ದಕ್ಕೆ ಮುನ್ಸೂಚನೆಯೋ ಎಂಬಂತೆ, ಮೊದಲ ದಾರಿ ತೋರಿದ ‘ಬ್ಲೂ ವಾಟರ್’ ರಿಗ್ಗೇ 1964ರ ಹಿಲ್ಡಾ ಚಂಡಮಾರುತದಲ್ಲಿ ಮಗುಚಿ ನಾಶವಾಯಿತು. ಆದರೆ ಹೊಸ ಹಡಗಿನ ಕೀರ್ತಿ ಕುಂದಲಿಲ್ಲ. ಬಿರುಗಾಳಿಗೆ ಹೆಸರಾದ ಉತ್ತರ ಸಮುದ್ರದಲ್ಲಿ 1969ರಲ್ಲಿ ‘ಓಷನ್ ವೈಕಿಂಗ್’ ಎಂಬ ಅರೆಮುಳುಗು ರಿಗ್ಗು ಎಕೋಫಿಸ್ಕ್ ಎಣ್ಣೆಕ್ಷೇತ್ರವನ್ನು ಕಂಡುಹಿಡಿದು ನಾರ್ವೆಯ ದೆಸೆಯನ್ನೇ ಬದಲಿಸಿತು. 1978ರಲ್ಲಿ ಹೀರೆಮಾ ಎಂಬ ಡಚ್ ಕಂಪನಿಯವರು ‘ಬಾಲ್ಡರ್’ ಮತ್ತು ‘ಹರ್ಮೋಡ್’ ಎಂಬ ಎರಡು ಅರೆಮುಳುಗು ಕ್ರೇನ್ ಹಡಗುಗಳನ್ನು ತಂದರು. ಅದುವರೆಗೆ ಬೇಸಿಗೆಯಲ್ಲಷ್ಟೇ ಸಾಧ್ಯವಾಗುತ್ತಿದ್ದ ಭಾರಿ ಎತ್ತುವಿಕೆಯ ಕೆಲಸ ಚಳಿಗಾಲದಲ್ಲೂ ನಡೆಯತೊಡಗಿತು. ಸಾವಿರಾರು ಟನ್ನು ಭಾರ ಒಂದು ಬದಿಯಲ್ಲಿ ತೂಗುವಾಗ ಇನ್ನೊಂದು ಬದಿಯ ತೊಟ್ಟಿಗಳಿಗೆ ನೀರು ಹರಿಸಿ ಹಡಗನ್ನು ಮಟ್ಟಸವಾಗಿ ನಿಲ್ಲಿಸುವುದು ಇವುಗಳ ವಿಶೇಷ.

ಬಾವಿಯ ಕೊಡ ಹೇಳುವ ಶಾಸ್ತ್ರ

ಇದು ಹೇಗೆ ಸಾಧ್ಯ? ಊರಿನ ಬಾವಿಯಲ್ಲಿ ನೀರು ಸೇದಿದವರಿಗೆ ಈ ಶಾಸ್ತ್ರದ ಅರ್ಧ ಭಾಗ ಗೊತ್ತೇ ಇದೆ. ಬರಿಗೊಡವನ್ನು ಬಾವಿಗೆ ಬಿಟ್ಟರೆ ಅದು ಪಕ್ಕಕ್ಕೆ ಮಲಗುತ್ತದೆ. ತಳದಲ್ಲಿ ಸ್ವಲ್ಪ ನೀರು ಸೇರಿದರೆ ಎದ್ದು ನೆಟ್ಟಗೆ ನಿಲ್ಲುತ್ತದೆ. ಭಾರ ಕೆಳಗಿದ್ದರೆ ಸ್ಥಿರ, ಮೇಲಿದ್ದರೆ ಅಸ್ಥಿರ. ಅರೆಮುಳುಗು ಹಡಗಿನ ಪಾಂಟೂನುಗಳಲ್ಲಿ ಬ್ಯಾಲಸ್ಟ್ ಎಂದು ಕರೆಯುವ ಸಮುದ್ರದ ನೀರನ್ನು ತುಂಬಿಸುವುದು ಇದಕ್ಕಾಗಿಯೇ.

ಎರಡನೆಯದು ಕಂಬಗಳ ನಡುವಣ ಅಂತರ. ನಮ್ಮ ಪಶ್ಚಿಮ ಕರಾವಳಿಯ ಬೆಸ್ತರು ಇಕ್ಕಟ್ಟಾದ ದೋಣಿಯ ಪಕ್ಕಕ್ಕೆ ಎರಡು ಗಳ ಚಾಚಿ, ಅವುಗಳ ತುದಿಗೆ ಒಂದು ಮರದ ದಿಮ್ಮಿ ಕಟ್ಟುತ್ತಾರೆ. ದಿಮ್ಮಿ ಸಣ್ಣದು, ಆದರೆ ದೂರದಲ್ಲಿರುವುದರಿಂದ ದೋಣಿಯನ್ನು ಮಗುಚಗೊಡುವುದಿಲ್ಲ. ಹಡಗಿನ ಕಂಬಗಳ ಲೆಕ್ಕವೂ ಇದೇ. ಅವುಗಳ ನಡುವಿನ ಅಂತರ ಎರಡರಷ್ಟಾದರೆ, ವಾಲುವುದನ್ನು ತಡೆಯುವಲ್ಲಿ ಅವು ನೀಡುವ ನೆರವು ನಾಲ್ಕರಷ್ಟಾಗುತ್ತದೆ.

ಮೂರನೆಯದು ಅಲೆಯ ಗುಣ. ಅಲೆಯ ಆರ್ಭಟವೆಲ್ಲ ಮೇಲುಗಡೆ. ಎಂಟು ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದ ಆಳವಾದ ಕಡಲಿನಲ್ಲಿ ಸುಮಾರು 100 ಮೀಟರು. ಅಂಥ ಅಲೆ ಎದ್ದಾಗ 25 ಮೀಟರು ಕೆಳಗೆ ನೀರಿನ ಚಲನೆ ಮೇಲಿನದರ ಐದನೆಯ ಒಂದು ಪಾಲಷ್ಟೇ. ಹಡಗನ್ನು ಹೊರುವ ಪಾಂಟೂನುಗಳು ಈ ನಿಶ್ಚಲವಾದ ಆಳದಲ್ಲಿರುತ್ತವೆ. ಅಲೆಯ ಹೊಡೆತಕ್ಕೆ ಸಿಗುವುದು ತೆಳ್ಳನೆಯ ಕಂಬಗಳು ಮಾತ್ರ. ಜೊತೆಗೆ, ಇಂಥ ಹಡಗು ತನ್ನಷ್ಟಕ್ಕೆ ಒಮ್ಮೆ ಮೇಲೆದ್ದು ಕೆಳಗಿಳಿಯಲು 20 ಸೆಕೆಂಡಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಕಡಲಿನ ಬಹುತೇಕ ಅಲೆಗಳು 5ರಿಂದ 15 ಸೆಕೆಂಡಿಗೊಮ್ಮೆ ಬರುವಂಥವು. ಜೋಕಾಲಿಯನ್ನು ಅದರ ಲಯ ತಪ್ಪಿಸಿ ನೂಕಿದರೆ ಅದು ಹೇಗೆ ಜೀಕುವುದಿಲ್ಲವೋ, ಹಾಗೆ ಈ ಹಡಗೂ ಅಲೆಯ ತಾಳಕ್ಕೆ ಕುಣಿಯುವುದಿಲ್ಲ.

ಈ ಶಾಂತಿಗೆ ಒಂದು ಬೆಲೆಯಿದೆ, ಅದೇ ನಮ್ಮ ಕಥೆಯ ತಿರುಳು. 150 ಮೀಟರು ಉದ್ದ, 25 ಮೀಟರು ಅಗಲದ ಸಾಧಾರಣ ಹಡಗನ್ನು ಒಂದು ಮೀಟರು ಹೆಚ್ಚಾಗಿ ಮುಳುಗಿಸಲು ಮೂರು ಸಾವಿರ ಟನ್ನಿಗೂ ಹೆಚ್ಚು ಭಾರ ಬೇಕು. ಹತ್ತು ಮೀಟರು ಅಡ್ಡಳತೆಯ ನಾಲ್ಕು ಕಂಬಗಳ ಮೇಲೆ ನಿಂತ ಹಡಗಿಗೆ ಸುಮಾರು 320 ಟನ್ನು ಸಾಕು. ಯಾವ ಗುಣದಿಂದ ಅಲೆಯು ಅದನ್ನು ಎತ್ತಲಾರದೋ, ಅದೇ ಗುಣದಿಂದ ಒಂದು ಮೂಲೆಯಲ್ಲಿ ಸೇರಿದ ಸ್ವಲ್ಪ ನೀರೂ ಅದನ್ನು ವಾಲಿಸಬಲ್ಲದು. ಸಾಧಾರಣ ಹಡಗು ಮನ್ನಿಸುವ ತಪ್ಪನ್ನು ಇದು ಮನ್ನಿಸುವುದಿಲ್ಲ. ಆದುದರಿಂದ ಯಾವ ತೊಟ್ಟಿಯಲ್ಲಿ ಎಷ್ಟು ನೀರು, ಅಟ್ಟದ ಮೇಲೆ ಎಷ್ಟು ಸಾಮಾನು ಎಂಬ ಲೆಕ್ಕವನ್ನು ಹಗಲಿರುಳು ಇಡುವವನು ಬೇಕು. ಆ ಲೆಕ್ಕ ತಪ್ಪಿದ ದಿನ ಹಡಗನ್ನು ಎತ್ತಿಹಿಡಿಯಲು ಬೇರೊಂದು ಆಸರೆಯೂ ಬೇಕು. 1980ರವರೆಗೆ ಈ ಎರಡು ಮಾತುಗಳಿಗೂ ಸಿಗಬೇಕಾದಷ್ಟು ಬೆಲೆ ಸಿಕ್ಕಿರಲಿಲ್ಲ.

ಆರು ಮಿಲಿಮೀಟರಿನ ಬೆಸುಗೆ

ನಾರ್ವೆಯ ಹೆಸರಾಂತ ಸಾಹಿತಿ ಅಲೆಕ್ಸಾಂಡರ್ ಕೀಲಂಡ್ ಅವರ ಹೆಸರು ಹೊತ್ತ ರಿಗ್ಗೊಂದಿತ್ತು. ಫ್ರಾನ್ಸಿನ ಡಂಕರ್ಕಿನಲ್ಲಿ ಕಟ್ಟಿ 1976ರಲ್ಲಿ ಒಪ್ಪಿಸಿದ್ದು. ಐದು ಕಂಬಗಳ ರಚನೆ. ಬಾವಿ ಕೊರೆಯಲು ಕಟ್ಟಿದ್ದಾದರೂ ಅದನ್ನು ಎಕೋಫಿಸ್ಕ್ ಪ್ರದೇಶದಲ್ಲಿ ಕೆಲಸಗಾರರ ತೇಲುವ ವಸತಿಗೃಹವಾಗಿ ಬಳಸುತ್ತಿದ್ದರು. 1980ರ ಮಾರ್ಚ್ 27ರ ಸಂಜೆ ಅದರಲ್ಲಿ 212 ಮಂದಿಯಿದ್ದರು. ಹೊರಗೆ ಬಿರುಗಾಳಿ, ಹಲವರು ಊಟದ ಮನೆಯಲ್ಲಿ, ಸಿನಿಮಾ ಕೋಣೆಯಲ್ಲಿ ವಿಶ್ರಾಂತಿಯಲ್ಲಿದ್ದರು. ಆರೂವರೆಯ ಹೊತ್ತಿಗೆ ಏನೋ ಬಿರಿದ ಸದ್ದಾಯಿತು. ಐದು ಕಂಬಗಳಲ್ಲಿ ಒಂದು ಕಿತ್ತುಹೋಗಿ, ರಿಗ್ಗು ಮೂವತ್ತು ಡಿಗ್ರಿಗೂ ಹೆಚ್ಚು ವಾಲಿತು. ತೆರೆದಿದ್ದ ಬಾಗಿಲು, ಗಾಳಿಕಿಂಡಿಗಳ ಮೂಲಕ ಅಟ್ಟದೊಳಗೆ ನೀರು ನುಗ್ಗಿತು. ಅರ್ಧ ಗಂಟೆಯೊಳಗೆ ರಿಗ್ಗು ತಲೆಕೆಳಗಾಯಿತು. 123 ಮಂದಿ ಸತ್ತರು.

ತನಿಖೆಯವರು ಮುರಿದ ತುಂಡುಗಳನ್ನು ಪರೀಕ್ಷಿಸಿದಾಗ ಕಾರಣ ಹೊರಬಿತ್ತು. ಕಂಬಗಳನ್ನು ಬಿಗಿದಿದ್ದ ಅಡ್ಡಕೊಳವೆಯೊಂದಕ್ಕೆ, ನೀರಿನೊಳಗಿನ ಸದ್ದನ್ನು ಗ್ರಹಿಸುವ ಒಂದು ಸಣ್ಣ ಉಪಕರಣವನ್ನು ಕೂರಿಸಲೆಂದು ಉಕ್ಕಿನ ಹಿಡಿಕೆಯನ್ನು ಬೆಸೆದಿದ್ದರು. ಆ ಹಿಡಿಕೆ ರಿಗ್ಗಿನ ಯಾವ ಭಾರವನ್ನೂ ಹೊರುವಂಥದಲ್ಲ. ಹಾಗಾಗಿ ಅದರ ಬೆಸುಗೆಯನ್ನು ಯಾರೂ ಮುಖ್ಯವೆಂದು ಎಣಿಸಿರಲಿಲ್ಲ. ಬೆಸುಗೆಯ ಅಳತೆ ಆರು ಮಿಲಿಮೀಟರು. ಬಿರುಕು ಹುಟ್ಟಿದ್ದು ಅಲ್ಲಿ. ಬಿರುಕಿನೊಳಗೆ ಬಣ್ಣದ ಗುರುತು ಸಿಕ್ಕಿತು. ಎಂದರೆ ರಿಗ್ಗಿಗೆ ಬಣ್ಣ ಬಳಿಯುವ ಮುನ್ನವೇ ಆ ಬಿರುಕು ಅಲ್ಲಿತ್ತು. ನಾಲ್ಕು ವರ್ಷಗಳ ಕಾಲ ಒಂದೊಂದು ಅಲೆಯೂ ಅದನ್ನು ಕೂದಲೆಳೆಯಷ್ಟು ಬೆಳೆಸುತ್ತ ಬಂತು. ಕೊನೆಗೆ ಆ ಕೊಳವೆ ತುಂಡಾಯಿತು. ಅದರ ಹೊರೆ ಮಿಕ್ಕ ಐದು ಕೊಳವೆಗಳ ಮೇಲೆ ಬಿದ್ದು ಅವೂ ಮುರಿದವು.

ಬಿರುಕಿನಷ್ಟೇ ಗಂಭೀರವಾದ ಇನ್ನೊಂದು ಪ್ರಶ್ನೆಯಿತ್ತು. ಒಂದು ಕಂಬ ಹೋದರೆ ಇಡೀ ರಿಗ್ಗೇ ಹೋಗಬೇಕೆ? ವಾಲಿದ ಮೇಲೆ ಅಟ್ಟ ನೀರಿಗೆ ತಾಗುತ್ತದೆ. ಅಟ್ಟವು ನೀರು ಹೊಗದ ಪೆಟ್ಟಿಗೆಯಾಗಿದ್ದರೆ ಅದೇ ಹೊಸ ಆಸರೆಯಾಗಿ ರಿಗ್ಗನ್ನು ಹಿಡಿದು ನಿಲ್ಲಿಸಬಲ್ಲದು. ಜನ ಇಳಿದುಹೋಗುವಷ್ಟು ಹೊತ್ತಾದರೂ ದೊರೆಯುತ್ತದೆ. ಕೀಲಂಡ್ ರಿಗ್ಗಿನ ಅಟ್ಟ ಹಾಗಿರಲಿಲ್ಲ. ಲೈಫ್‌ಬೋಟುಗಳಿದ್ದವು, ಅಷ್ಟು ವಾಲಿದ ರಿಗ್ಗಿನಿಂದ ಅವನ್ನು ಇಳಿಸಿ ಕೊಕ್ಕೆ ಬಿಡಿಸುವುದೇ ದುಸ್ತರವಾಯಿತು. ಬದುಕಿ ಬಂದವರನ್ನೂ ಸತ್ತವರ ಮನೆಯವರನ್ನೂ ಸರ್ಕಾರ ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ನಾರ್ವೆಯ ಮಹಾಲೆಕ್ಕಪರಿಶೋಧಕರ ಕಚೇರಿ 2021ರಲ್ಲಿ, ಎಂದರೆ 41 ವರ್ಷಗಳ ಬಳಿಕ, ಕಟುವಾಗಿ ಟೀಕಿಸಿತು. ದುಃಖಕ್ಕೆ ವಾಯಿದೆಯೆಂಬುದು ಇಲ್ಲವಷ್ಟೆ.

ಒಡೆದ ಕಿಟಕಿ

ಎರಡು ವರ್ಷ ತುಂಬುವ ಮೊದಲೇ ಇನ್ನೊಂದು ಪೆಟ್ಟು ಬಿತ್ತು. ‘ಓಷನ್ ರೇಂಜರ್’ ರಿಗ್ಗನ್ನು ಕಟ್ಟಿದ್ದು ನಮ್ಮ ‘ಸಾಗರ್ ಸಮ್ರಾಟ್’ ಬಂದ ಹಿರೋಶಿಮಾದಲ್ಲೇ, ಅದೇ ಮಿತ್ಸುಬಿಷಿಯವರು, 1976ರಲ್ಲಿ. ಉದ್ದ 121 ಮೀಟರು, ಅಗಲ 80 ಮೀಟರು, ಎಂಟು ಕಂಬಗಳು. ಅದನ್ನು ಮುಳುಗದ ರಿಗ್ಗೆಂದೇ ಜನ ಭಾವಿಸಿದ್ದರು. 1982ರ ಫೆಬ್ರವರಿಯಲ್ಲಿ ಅದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಪೂರ್ವಕ್ಕೆ, ತೀರದಿಂದ 260 ಕಿಲೋಮೀಟರಿಗೂ ಆಚೆ ಬಾವಿ ಕೊರೆಯುತ್ತಿತ್ತು.

ಬ್ಯಾಲಸ್ಟ್ ನೀರಿನ ಕವಾಟಗಳನ್ನು ತೆರೆದು ಮುಚ್ಚುವ ಕೋಣೆ ಒಂದು ಕಂಬದೊಳಗಿತ್ತು. ಅದಕ್ಕೊಂದು ಗಾಜಿನ ಕಿಟಕಿ. ಬಿರುಗಾಳಿಯಲ್ಲಿ ಮುಚ್ಚಿಕೊಳ್ಳಲು ಉಕ್ಕಿನ ಕದ. ಫೆಬ್ರವರಿ 14ರ ಸಂಜೆ ಆ ಕದ ಮುಚ್ಚಿರಲಿಲ್ಲ. ಅಲೆಯೊಂದು ಗಾಜನ್ನು ಒಡೆಯಿತು. ಒಳಕ್ಕೆ ಬಂದ ಉಪ್ಪುನೀರು ನಿಯಂತ್ರಣದ ವಿದ್ಯುತ್ ಫಲಕವನ್ನು ನೆನೆಸಿತು. ಮೊದಮೊದಲು ಎಲ್ಲವೂ ಹತೋಟಿಯಲ್ಲಿದೆಯೆಂದೇ ತೋರಿತು. ನಡುರಾತ್ರಿಯ ಬಳಿಕ ರಿಗ್ಗು ಮುಂದಕ್ಕೆ ವಾಲತೊಡಗಿತು. ಕವಾಟಗಳನ್ನು ಕೈಯಿಂದ ನಡೆಸಲು ಹಿತ್ತಾಳೆಯ ಕಡ್ಡಿಗಳಿದ್ದವು. ಆ ಕಡ್ಡಿ ಹಾಕಿದರೆ ಕವಾಟ ತೆರೆಯುತ್ತದೆಯೇ ಹೊರತು ಮುಚ್ಚುವುದಿಲ್ಲ ಎಂಬ ತಿಳಿವಳಿಕೆ ಆ ರಾತ್ರಿ ಅಲ್ಲಿದ್ದವರಿಗೆ ಇರಲಿಲ್ಲವೆಂದು ತನಿಖಾ ಆಯೋಗ ಕಂಡಿತು. ಉಳಿಸುವುದಕ್ಕೆ ಮಾಡಿದ ಯತ್ನವೇ ಮುಳುಗಿಸುವ ದಾರಿಯಾಯಿತು.

ಪಂಪುಗಳಿದ್ದುದು ಹಿಂಭಾಗದಲ್ಲಿ. ಮುಂಭಾಗ ತಗ್ಗಿದ ಮೇಲೆ ಅಲ್ಲಿನ ತೊಟ್ಟಿಯ ನೀರನ್ನು ಹಿಂದಿನ ಪಂಪು ಎಳೆಯಲಾರದು. ರಿಗ್ಗು ಇನ್ನಷ್ಟು ಬಾಗಿದಾಗ ಮುಂದಿನ ಕಂಬಗಳಲ್ಲಿ ಲಂಗರಿನ ಸರಪಣಿ ಇಡುವ ಕೋಣೆಗಳ ತೆರೆದ ಬಾಯಿಗಳಿಗೆ ಅಲೆ ತಲುಪಿತು. ಬಾಯಿ ತಗ್ಗಿಸಿದ ಕೊಡಕ್ಕೆ ನೀರು ನುಗ್ಗುವಂತೆ ಅಲ್ಲಿಗೂ ಕಡಲು ನುಗ್ಗಿತು. ಬೆಳಗಿನ ಜಾವ ಒಂದೂವರೆಗೆ, ನಾವು ಲೈಫ್‌ಬೋಟುಗಳ ಕಡೆ ಹೋಗುತ್ತಿದ್ದೇವೆ ಎಂಬ ಕೊನೆಯ ಸುದ್ದಿ ಬಂತು. ಸಹಾಯಕ್ಕೆ ಬಂದ ಹಡಗೊಂದು ಜನರಿದ್ದ ಒಂದು ಲೈಫ್‌ಬೋಟಿನ ಪಕ್ಕಕ್ಕೇ ತಲುಪಿತ್ತು. ಕೈಗೆ ಸಿಕ್ಕಿತೆನ್ನುವಾಗ ಅದು ಮಗುಚಿಕೊಂಡಿತು. ಹಿಮದಂಥ ಆ ನೀರಿನಲ್ಲಿ ಮೈ ಕಾಯುವ ಉಡುಪು ಅವರಿಗಿರಲಿಲ್ಲ. ರಿಗ್ಗಿನಲ್ಲಿದ್ದ 84 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಸಿಕ್ಕ ಶವಗಳು 22 ಮಾತ್ರ. ಸತ್ತವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ನ್ಯೂಫೌಂಡ್‌ಲ್ಯಾಂಡಿನವರೇ. ಮೀನುಗಾರಿಕೆಯ ಆ ಪುಟ್ಟ ನಾಡಿನಲ್ಲಿ ಎಣ್ಣೆಯ ಕೆಲಸ ಸಿಕ್ಕಿತೆಂದು ಹೊರಟಿದ್ದವರು.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಅದೇ ಫೆಬ್ರವರಿ 6ರಂದು, ಬ್ಯಾಲಸ್ಟ್ ನಡೆಸುವಲ್ಲಿ ಆದ ತಪ್ಪಿನಿಂದ ಆ ರಿಗ್ಗು ಒಮ್ಮೆ ವಾಲಿತ್ತು. ಎಚ್ಚರಿಕೆ ಬಂದಿತ್ತು. ಅದು ಪಾಠವಾಗಲು ಒಂಬತ್ತು ದಿನ ಸಾಲಲಿಲ್ಲ. ನ್ಯಾಯಾಧೀಶ ಅಲೆಕ್ಸಾಂಡರ್ ಹಿಕ್‌ಮನ್ ಅವರ ಆಯೋಗ ರಚನೆಯ ಕೊರತೆಗಳನ್ನು ಎತ್ತಿ ತೋರಿಸುವುದರ ಜೊತೆಗೆ, ತರಬೇತಿಯ ಕೊರತೆಯನ್ನೂ ಅಷ್ಟೇ ಒತ್ತಿ ಹೇಳಿತು.

ಕಲಿತದ್ದು ಮತ್ತು ಉಳಿದದ್ದು

ಈ ಎರಡು ದುರಂತಗಳ ಬಳಿಕ ನಿಯಮಗಳು ಬಿಗಿಯಾದವು. ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ ತೇಲುವ ರಿಗ್ಗುಗಳಿಗೆಂದು 1979ರಲ್ಲಿ ರೂಪಿಸಿದ್ದ ಸಂಹಿತೆಯನ್ನು 1989ರಲ್ಲಿ ತಿದ್ದಿ ಬರೆಯಿತು. 2009ರಲ್ಲಿ ಮತ್ತೊಮ್ಮೆ ತಿದ್ದಿತು. ಪೆಟ್ಟು ಬಿದ್ದ ರಿಗ್ಗು ತಕ್ಷಣ ಮಗುಚದಂತೆ ಮೀಸಲು ತೇಲುವಿಕೆ ಇರಬೇಕು, ಬ್ಯಾಲಸ್ಟ್ ವ್ಯವಸ್ಥೆ ವಾಲಿದ ಸ್ಥಿತಿಯಲ್ಲೂ ಕೆಲಸ ಮಾಡಬೇಕು, ಅದನ್ನು ನಡೆಸುವವರಿಗೆ ತರಬೇತಿ ಆಗಿರಬೇಕು, ಚಳಿಗಡಲಿನಲ್ಲಿ ಪ್ರತಿಯೊಬ್ಬನಿಗೂ ರಕ್ಷಣಾ ಉಡುಪು ಇರಬೇಕು ಎಂಬ ಮಾತುಗಳು ಬಲಪಡೆದವು. 2019ರಲ್ಲಿ ನೀರಿಗಿಳಿದ ‘ಸ್ಲೈಪ್ನಿರ್’ ಎಂಬ ಅರೆಮುಳುಗು ಹಡಗಿನಲ್ಲಿ ತಲಾ 10,000 ಟನ್ನು ಎತ್ತಬಲ್ಲ ಎರಡು ಕ್ರೇನುಗಳಿವೆ. ಅಂಥ ಭಾರವನ್ನು ಗಾಳಿಯಲ್ಲಿ ತೂಗಿ ನಿಲ್ಲುವ ಧೈರ್ಯಕ್ಕೆ ಹಿಂದಿನ ದುರಂತಗಳಿಂದ ಬಂದ ಅರಿವೂ ಆಧಾರ.

ಆದರೂ ಹಳೆಯ ತಪ್ಪುಗಳು ಹೊಸ ವೇಷದಲ್ಲಿ ಮರಳುತ್ತವೆ. 2001ರ ಮಾರ್ಚ್ 15ರಂದು ಬ್ರೆಜಿಲಿನ ‘ಪಿ-36’ ಎಂಬ ಬೃಹತ್ ಅರೆಮುಳುಗು ಸ್ಥಾವರದ ಒಂದು ಕಂಬದೊಳಗೆ ಸ್ಫೋಟವಾಯಿತು. 11 ಮಂದಿ ಸತ್ತರು. ಪರಿಶೀಲನೆಗೆಂದು ತೆರೆದಿಟ್ಟಿದ್ದ ಕದಗಳ ಮೂಲಕ ನೀರು ಕೋಣೆಯಿಂದ ಕೋಣೆಗೆ ಹರಡಿ, ಐದು ದಿನಗಳ ಬಳಿಕ ಸ್ಥಾವರ ಕಡಲ ಪಾಲಾಯಿತು. 2005ರ ಜುಲೈಯಲ್ಲಿ ಮೆಕ್ಸಿಕೋ ಕೊಲ್ಲಿಯ ‘ಥಂಡರ್ ಹಾರ್ಸ್’ ಚಂಡಮಾರುತ ಕಳೆದ ಮೇಲೆ ಇಪ್ಪತ್ತು ಡಿಗ್ರಿಯಷ್ಟು ವಾಲಿ ನಿಂತಿತ್ತು. ದೋಷವಿದ್ದದ್ದು ಗಾಳಿಯಲ್ಲಲ್ಲ, ಬ್ಯಾಲಸ್ಟ್ ವ್ಯವಸ್ಥೆಯಲ್ಲಿ. ಆದರೆ ಜನರನ್ನು ಮೊದಲೇ ದಡಕ್ಕೆ ಕಳಿಸಿದ್ದರು. ಸ್ಥಾವರವೂ ಮಗುಚದೆ ನಿಂತಿತ್ತು. ಅದನ್ನು ಎತ್ತಿ ಸರಿಪಡಿಸಿದರು.

ಚಂಡಮಾರುತಕ್ಕೆ ಮೊದಲು ಜನರನ್ನು ದಡ ಮುಟ್ಟಿಸುವ ಈ ಮಾತು ನಮ್ಮ ಮುಂಬಯಿಗೂ ಸಲ್ಲುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬೀಸಿದಾಗ ಬಾಂಬೆ ಹೈ ಪ್ರದೇಶದಲ್ಲಿದ್ದ ‘ಪಿ-305’ ಎಂಬ ವಸತಿ ಬಾರ್ಜಿನಲ್ಲಿ 261 ಮಂದಿಯಿದ್ದರು. ಅದು ಅರೆಮುಳುಗು ಹಡಗಲ್ಲ; ಸ್ವಂತ ಎಂಜಿನ್ ಇಲ್ಲದ, ಅಲೆಯ ಮೇಲೆಯೇ ತೇಲುವ ಚಪ್ಪಟೆ ತಳದ ಬಾರ್ಜು. ಲಂಗರುಗಳು ಕಿತ್ತು ಅಲೆಗಳ ವಶವಾದ ಅದು ಮೇ 17ರಂದು ಮುಳುಗಿತು. ನೌಕಾಪಡೆಯವರು ಬಿರುಗಾಳಿಯಲ್ಲೇ ನುಗ್ಗಿ ಬಹುಮಂದಿಯನ್ನು ಎತ್ತಿ ತಂದರೂ ಎಪ್ಪತ್ತಕ್ಕೂ ಹೆಚ್ಚು ಜನ ಮರಳಿ ಬರಲಿಲ್ಲ. ಹಡಗಿನ ಜಾತಿ ಬೇರೆ, ಕಡಲು ಬೇರೆ. ಮನೆಯಲ್ಲಿ ಕಾದು ಕುಳಿತವರ ಪಾಡು ನ್ಯೂಫೌಂಡ್‌ಲ್ಯಾಂಡಿನಲ್ಲಿ ಹೇಗೋ ಇಲ್ಲಿಯೂ ಹಾಗೆಯೇ.

ಈ ಅರವತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ ನಮಗೆ ತೋರುವುದಿಷ್ಟು. ಅಲೆಯನ್ನು ಗೆಲ್ಲುವ ರಚನೆಯನ್ನು ಎಂಜಿನಿಯರುಗಳು ಕಂಡುಕೊಂಡರು; ಆದರೆ ಅದರ ಸ್ಥೈರ್ಯ ಉಕ್ಕಿನಲ್ಲಿ ಮಾತ್ರವಿಲ್ಲ. ಮುಖ್ಯವಲ್ಲವೆಂದು ಬಿಟ್ಟ ಬೆಸುಗೆಯಲ್ಲಿ, ಮುಚ್ಚಬೇಕಾದ ಕದದಲ್ಲಿ, ರಾತ್ರಿಪಾಳಿಯವನಿಗೆ ಹೇಳಿಕೊಟ್ಟ ವಿದ್ಯೆಯಲ್ಲಿ ಅದು ಅಡಗಿದೆ. ನಮ್ಮ ಮನೆಯ ಹುಡುಗರು ಕಡಲಿನ ಕೆಲಸ ಮುಗಿಸಿ ಬಂದಾಗ ಸಂಬಳ, ರಜೆ, ಊಟ ಎಲ್ಲವನ್ನೂ ಕೇಳುತ್ತೇವೆ. ಅದರ ಜೊತೆಗೆ, ಲೈಫ್‌ಬೋಟ್ ಇಳಿಸುವ ಅಭ್ಯಾಸ ಕಡೆಯ ಸಲ ಯಾವಾಗ ಮಾಡಿಸಿದರು, ನೀನು ಯಾವ ಬೋಟಿಗೆ ಹೋಗಬೇಕೆಂದು ನಿನಗೆ ಗೊತ್ತೇ ಎಂದೂ ಕೇಳಬೇಕು. ಕೇಳುವುದು ನಮ್ಮ ಹಕ್ಕು. ಅವರಿಗೆ ಉತ್ತರ ಗೊತ್ತಿಲ್ಲದಿದ್ದರೆ, ಮುಂದಿನ ಹೆಲಿಕಾಪ್ಟರ್ ಹತ್ತುವ ಮೊದಲು ತಿಳಿದುಕೊಳ್ಳಲಿ.